ತೋಡಿನ ನೀರಿಗೂ ಮಾಡೆಲ್‌ನ ಗ್ರಾಫಿಗೂ ತಾಳೆಯಾಗದಿದ್ದಾಗ: ಕರಾವಳಿಯ ಸಣ್ಣ ಜಲಾನಯನಗಳಿಗೆ ದೋಷ ನಿವಾರಣೆ ಕೈಪಿಡಿ

ಮಳೆ ಬಂದಾಗ ಎಷ್ಟು ನೀರು ಹರಿಯುತ್ತದೆ, ಎಷ್ಟು ಮಣ್ಣು ಕೊಚ್ಚಿಹೋಗುತ್ತದೆ ಅಂತ ಲೆಕ್ಕ ಹಾಕುವ ಕಂಪ್ಯೂಟರ್ ಮಾಡೆಲ್ ಓಡಿತು, ಗ್ರಾಫ್ ಬಂತು. ಆದರೆ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ತೋಡು, ಅಂದರೆ ಸಣ್ಣ ಹಳ್ಳ, ಉಕ್ಕಿ ಗದ್ದೆಗೆ ನುಗ್ಗಿದ ದಿನ ಗ್ರಾಫಿನಲ್ಲಿ ಸಣ್ಣದೊಂದು ಉಬ್ಬು ಮಾತ್ರ ಕಾಣುತ್ತಿದೆ. ಅಥವಾ ಗೇರು ಗುಡ್ಡೆಯ ಒಂದು ಹೆಕ್ಟೇರಿನಿಂದ ವರ್ಷಕ್ಕೆ 500 ಟನ್ ಮಣ್ಣು ಕೊಚ್ಚಿಹೋಗುತ್ತದೆ ಎಂಬ ಲೆಕ್ಕ ಬಂದಿದೆ. ಎರಡೂ ಸರಿಯಿಲ್ಲ ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ಎಲ್ಲಿ ಎಡವಟ್ಟಾಗಿದೆ ಅನ್ನುವುದು ಮಾತ್ರ ಗೊತ್ತಾಗುವುದಿಲ್ಲ.

ಮಂಗಳೂರು, ಬಂಟ್ವಾಳ, ಮೂಡುಬಿದಿರೆ, ಕಾರ್ಕಳ, ಬ್ರಹ್ಮಾವರ ಕಡೆಯ ಕೆಲವು ನೂರು ಹೆಕ್ಟೇರಿನ ಜಲಾನಯನಗಳ ಮೇಲೆ ಕೆಲಸ ಮಾಡುವ ವಿದ್ಯಾರ್ಥಿಗಳಿಗೆ, ಎಂಜಿನಿಯರ್‌ಗಳಿಗೆ ಮತ್ತು ಜಲಾನಯನ ಯೋಜನೆಯವರಿಗೆ ಇದನ್ನು ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಸ್ವಾಟ್ (ಇಡೀ ಜಲಾನಯನದ ನೀರು-ಮಣ್ಣಿನ ಲೆಕ್ಕ ಹಾಕುವ ಪ್ರೋಗ್ರಾಂ) ಮತ್ತು ಯುಎಸ್‌ಎಲ್‌ಇ ಬಳಗದ (ಮಳೆ, ಮಣ್ಣು, ಇಳಿಜಾರು, ಹೊದಿಕೆಯ ಅಂಶಗಳನ್ನು ಗುಣಿಸಿ ಮಣ್ಣಿನ ನಷ್ಟ ಹೇಳುವ ಸೂತ್ರಗಳು) ಲೆಕ್ಕಗಳಿಂದ ಬಂದವು. ವೆಪ್ ಎಂಬ ಇನ್ನೊಂದು ಸವಕಳಿ ಮಾಡೆಲ್ ಬಳಸುವವರಿಗೂ ಬಹುಪಾಲು ಅನ್ವಯಿಸುತ್ತದೆ.

ಒಂದು ಕ್ರಮವನ್ನು ಮಾತ್ರ ದಯವಿಟ್ಟು ತಪ್ಪಿಸಬೇಡಿ. ಪ್ಯಾರಾಮೀಟರ್ (ಮಾಡೆಲ್ ಒಳಗೆ ನಾವು ತಿದ್ದಬಹುದಾದ ಅಂಕೆ) ಮುಟ್ಟುವ ಮೊದಲು ಇನ್‌ಪುಟ್ ನೋಡಿ. ಮಣ್ಣಿನ ಲೆಕ್ಕಕ್ಕೆ ಕೈ ಹಾಕುವ ಮೊದಲು ನೀರಿನ ಲೆಕ್ಕ ಸರಿ ಮಾಡಿ. ಸ್ವಾಟ್‌ನಲ್ಲಿ ಮಣ್ಣಿನ ನಷ್ಟ ಬರುವುದು ಹರಿದುಹೋದ ನೀರಿನ ಪ್ರಮಾಣ ಮತ್ತು ಅದರ ಗರಿಷ್ಠ ಹರಿವಿನ ದರ, ಈ ಎರಡರ ಗುಣಲಬ್ಧದ 0.56ನೇ ಘಾತದಿಂದ. ಎರಡೂ ದುಪ್ಪಟ್ಟಾದರೆ ಮಣ್ಣಿನ ನಷ್ಟವೂ ದುಪ್ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಮಳೆ ಫೈಲಿನ ತಪ್ಪನ್ನು ಕರ್ವ್ ನಂಬರ್ (ಮಳೆಯಲ್ಲಿ ಎಷ್ಟು ಪಾಲು ಮೇಲಿಂದ ಹರಿಯುತ್ತದೆ ಅನ್ನುವುದನ್ನು ನಿರ್ಧರಿಸುವ ಅಂಕೆ) ತಿರುಗಿಸಿ ಸರಿಮಾಡಿದರೆ ಆ ತಪ್ಪು ಹೋಗುವುದಿಲ್ಲ, ಕಣ್ಣಿಗೆ ಕಾಣದಂತೆ ಅಡಗಿ ಕೂರುತ್ತದೆ, ಅಷ್ಟೆ.

ಶುರುಮಾಡುವ ಮೊದಲು ಪ್ರಾಜೆಕ್ಟ್ ಫೋಲ್ಡರಿನ ಒಂದು ಪ್ರತಿ ತೆಗೆದಿಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಏನು ಬದಲಿಸಿದಿರಿ ಅನ್ನುವುದನ್ನು ಪುಸ್ತಕದಲ್ಲಿ ಬರೆಯಿರಿ.

ಪ್ರೋಗ್ರಾಂ ಅರ್ಧದಲ್ಲೇ ನಿಂತುಹೋಗುತ್ತದೆ

ಇದು ಎಲ್ಲಕ್ಕಿಂತ ಸುಲಭದ ದೋಷ. ಮೊದಲು ಫೋಲ್ಡರಿನ ಹೆಸರು ನೋಡಿ. ಹೆಸರಿನಲ್ಲಿ ಖಾಲಿ ಜಾಗ ಅಥವಾ ಕನ್ನಡ ಅಕ್ಷರ ಇದ್ದರೆ ತೆಗೆಯಿರಿ, ಸಿ ಡ್ರೈವಿನ ಕೆಳಗೇ ಒಂದು ಚಿಕ್ಕ ಹೆಸರಿನ ಫೋಲ್ಡರಿಗೆ ಹಾಕಿ. ಆಮೇಲೆ ಹವಾಮಾನದ ಫೈಲುಗಳ ದಿನಾಂಕ ನೋಡಿ. ಫೆಬ್ರವರಿ 29 ಬಿಟ್ಟುಹೋದರೆ ಸಾಲುಗಳ ಎಣಿಕೆ ತಪ್ಪುತ್ತದೆ. ಅಳತೆ ಸಿಗದ ದಿನಕ್ಕೆ ಸ್ವಾಟ್‌ನಲ್ಲಿ -99 ಅಂತ ಹಾಕಬೇಕು. ಖಾಲಿ ಬಿಟ್ಟರೆ ಪ್ರೋಗ್ರಾಂ ನಿಲ್ಲಬಹುದು. ಸೊನ್ನೆ ಹಾಕಿದರೆ ನಿಲ್ಲುವುದಿಲ್ಲ, ಆದರೆ ಆ ದಿನ ಮಳೆಯೇ ಬರಲಿಲ್ಲ ಅಂತ ಮಾಡೆಲ್ ನಂಬುತ್ತದೆ. ಎರಡನೆಯದೇ ಹೆಚ್ಚು ಅಪಾಯ.

ಜಲಾನಯನದ ಗಡಿ ವಿಚಿತ್ರವಾಗಿದೆ, ತೋಡು ಗುಡ್ಡೆ ಹತ್ತುತ್ತಿದೆ

ಮೊದಲು ಕೋಆರ್ಡಿನೇಟ್ ವ್ಯವಸ್ಥೆ ನೋಡಿ, ಇದಕ್ಕೆ ಎರಡು ನಿಮಿಷ ಸಾಕು. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳು ಯುಟಿಎಂ (ಜಾಗವನ್ನು ಮೀಟರಿನಲ್ಲಿ ಅಳೆಯುವ ವ್ಯವಸ್ಥೆ) 43 ಉತ್ತರ ವಲಯದಲ್ಲಿವೆ. ಇಪಿಎಸ್‌ಜಿ ಸಂಖ್ಯೆ, ಅಂದರೆ ನಕ್ಷೆ ತಂತ್ರಾಂಶದಲ್ಲಿ ಆ ವಲಯದ ಗುರುತು ಸಂಖ್ಯೆ, 32643. ಎತ್ತರದ ನಕ್ಷೆ ಇನ್ನೂ ಅಕ್ಷಾಂಶ-ರೇಖಾಂಶದಲ್ಲೇ ಇದ್ದರೆ ಅಡ್ಡಳತೆ ಡಿಗ್ರಿಯಲ್ಲಿ, ಎತ್ತರ ಮೀಟರಿನಲ್ಲಿ ಇರುತ್ತದೆ. ಆಗ ಇಡೀ ಊರಿನ ಇಳಿಜಾರು 90 ಡಿಗ್ರಿಯ ಹತ್ತಿರ ತೋರಿಸುತ್ತದೆ. ಈ ಲಕ್ಷಣ ಕಂಡರೆ ಬೇರೇನೂ ಹುಡುಕಬೇಡಿ.

ಎರಡನೆಯದು ಔಟ್‌ಲೆಟ್, ಅಂದರೆ ನೀರು ಹೊರಹೋಗುವ ಬಿಂದು. ಅದು ಮಾಡೆಲ್ ಎಳೆದ ತೋಡಿನ ಮೇಲೆಯೇ ಕೂತಿರಬೇಕು. ನಕ್ಷೆಯ ಒಂದು ಚೌಕ (ಸೆಲ್) ಆಚೀಚೆ ಆದರೂ 300 ಹೆಕ್ಟೇರಿನ ಜಲಾನಯನ 3 ಹೆಕ್ಟೇರು ಆಗಿಬಿಡುತ್ತದೆ. ಹಾಗಾಗಿ ವಿಸ್ತೀರ್ಣದ ಸಂಖ್ಯೆಯನ್ನು ಪ್ರತಿ ಸಲವೂ ಓದಿ.

ಇವೆರಡೂ ಸರಿಯಿದ್ದು ತೋಡು ಇನ್ನೂ ತಪ್ಪಾಗಿ ಹರಿದರೆ, ನಮ್ಮ ಊರಿನದೇ ಆದ ಒಂದು ಕಾರಣ ಇದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಾವು ಬಳಸುವ ಎಸ್‌ಆರ್‌ಟಿಎಂ, ಕೋಪರ್ನಿಕಸ್, ಕಾರ್ಟೋಸ್ಯಾಟ್ ಮುಂತಾದ ಬಾಹ್ಯಾಕಾಶದಿಂದ ಅಳೆದ ಎತ್ತರದ ನಕ್ಷೆಗಳು ನೆಲದ ಎತ್ತರವನ್ನು ಮಾತ್ರ ಹೇಳುವುದಿಲ್ಲ. ಮರದ ತಲೆಯ ಎತ್ತರವೂ ಅದರಲ್ಲಿ ಬೆರೆತಿರುತ್ತದೆ. ಬಯಲುಸೀಮೆಯ ಜೋಳದ ಹೊಲದಲ್ಲಿ ಇದು ದೊಡ್ಡ ವಿಷಯವಲ್ಲ. ನಮ್ಮಲ್ಲಿ ಹಾಗಲ್ಲ. ಮೇಲೆ ಪದವು (ಗುಡ್ಡೆಯ ಮೇಲಿನ ಸಮತಟ್ಟು ಬಯಲು) ಬೋಳು, ಬರೀ ಮುರಕಲ್ಲು, ಅಂದರೆ ಜಂಬಿಟ್ಟಿಗೆ ಕಲ್ಲು. ಕೆಳಗೆ ತೋಡಿನ ಎರಡೂ ಬದಿಯಲ್ಲಿ ಅಡಿಕೆ, ತೆಂಗು ಒತ್ತಾಗಿ ನಿಂತಿವೆ. ಉಪಗ್ರಹದ ನಕ್ಷೆಯಲ್ಲಿ ಆ ತಗ್ಗು 10-15 ಮೀಟರ್ ಮೇಲೆದ್ದು ಕಾಣುತ್ತದೆ. ನೀರು ತೋಟವನ್ನು ಸುತ್ತಿಕೊಂಡು ಪಕ್ಕದ ಗದ್ದೆಯಲ್ಲಿ ಹರಿಯುತ್ತದೆ ಅಂತ ಮಾಡೆಲ್ ತಿಳಿಯುತ್ತದೆ. ತೋಟದ ಅಂಚಿನಲ್ಲಿ 30 ಮೀಟರಿನ ಒಂದು ಚೌಕದಿಂದ ಮುಂದಿನದಕ್ಕೆ 15 ಮೀಟರ್ ಜಿಗಿತ ಕಂಡರೆ ಅದು 50 ಶೇಕಡಾ ಇಳಿಜಾರು. ನೆಲದಲ್ಲಿ ಅಂಥ ಇಳಿಜಾರು ಇರುವುದೇ ಇಲ್ಲ. ಆದರೆ ಮಣ್ಣಿನ ಸವಕಳಿಯ ನಕ್ಷೆಯಲ್ಲಿ ತೋಟದ ಸುತ್ತ ಒಂದು ಕೆಂಪು ಉಂಗುರ ಮೂಡುತ್ತದೆ. ಹಾಗೆ ತೋಟದ ಅಂಚಿನುದ್ದಕ್ಕೂ ಕೆಂಪು ಗೆರೆ ಕಂಡರೆ ಅದು ಮಣ್ಣಿನ ಸುದ್ದಿಯಲ್ಲ, ಮರದ ನೆರಳು.

ಪರಿಹಾರ ಹೀಗೆ. ಸರ್ವೆ ನಕ್ಷೆಯಿಂದ ಅಥವಾ ಫೋನಿನ ಜಿಪಿಎಸ್ ಹಿಡಿದು ತೋಡಿನ ಪಕ್ಕ ನಡೆದು ಅದರ ನಿಜವಾದ ದಾರಿ ಗುರುತಿಸಿ. ಆ ಗೆರೆಯನ್ನು ಎತ್ತರದ ನಕ್ಷೆಯಲ್ಲಿ ಕೊರೆಯುವ ಸೌಲಭ್ಯ ಸ್ವಾಟ್‌ನ ಜಿಐಎಸ್ ಆವೃತ್ತಿಗಳಲ್ಲಿ ಇದೆ, ಸ್ಟ್ರೀಮ್ ಬರ್ನಿಂಗ್ ಅಂತ ಕರೆಯುತ್ತಾರೆ. ಅದರಿಂದ ಹರಿವಿನ ದಾರಿ ಸರಿಯಾಗುತ್ತದೆ. ಇಳಿಜಾರಿನ ಲೆಕ್ಕಕ್ಕೆ ಮಾತ್ರ ಕೊರೆಯದ ನಕ್ಷೆಯನ್ನೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ತೋಡಿನ ದಡವೇ ಪ್ರಪಾತದ ಹಾಗೆ ಕಾಣುತ್ತದೆ. ರಸ್ತೆಯ ಏರಿ, ಮೋರಿ ಇರುವ ಕಡೆ ನಿಂತು ನೋಡಿ. ನಕ್ಷೆಗೆ ಏರಿ ಕಾಣುತ್ತದೆ, ಅದರ ಕೆಳಗಿನ ಮೋರಿ ಕಾಣುವುದಿಲ್ಲ.

12.5 ಮೀಟರಿನ ನಕ್ಷೆ ಸಿಕ್ಕಿತು ಅಂತ ಸುಮ್ನೆ ಖುಷಿಪಡುವುದೂ ಬೇಡ. ಹಲವು ಸಲ ಅದು ಒರಟು ನಕ್ಷೆಯನ್ನೇ ಸಣ್ಣ ಚೌಕಗಳಾಗಿ ಕತ್ತರಿಸಿದ್ದು. 300 ಹೆಕ್ಟೇರಿನ ಜಲಾನಯನದಲ್ಲಿ 30 ಮೀಟರಿನ ಚೌಕಗಳು ಸುಮಾರು 3,300 ಮಾತ್ರ. 60 ಮೀಟರ್ ಅಗಲದ ಬೈಲು (ತಗ್ಗಿನ ಗದ್ದೆಗಳ ಸಾಲು) ಅಂದರೆ ಎರಡೇ ಚೌಕ. ಅದಕ್ಕಿಂತ ಸೂಕ್ಷ್ಮವಾದುದನ್ನು ಆ ನಕ್ಷೆಯಿಂದ ಕೇಳಬೇಡಿ.

ಮಳೆ ಜೋರು, ಮಾಡೆಲ್‌ನ ತೋಡಿನಲ್ಲಿ ನೀರೇ ಇಲ್ಲ

ಮೊದಲು ವರ್ಷದ ಮೊತ್ತ ಕೂಡಿಸಿ ನೋಡಿ. ಕರಾವಳಿಯ ನಮ್ಮ ಭಾಗದಲ್ಲಿ ಸಾಧಾರಣ ವರ್ಷದ ಮಳೆ 3,500 ಮಿಲಿಮೀಟರಿನಿಂದ 4,000ದ ಮೇಲಕ್ಕೆ. ಅದರ ಬಹುದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬೀಳುತ್ತದೆ. ನಿಮ್ಮ ಫೈಲಿನಲ್ಲಿ 1,800 ಬಂದರೆ ದಿನಗಳು ಬಿಟ್ಟುಹೋಗಿವೆ. 380 ಬಂದರೆ ಸೆಂಟಿಮೀಟರಿನ ಅಂಕೆ ಮಿಲಿಮೀಟರ್ ಆಗಿ ಕೂತಿದೆ.

ಮೊತ್ತ ಸರಿಯಿದ್ದರೆ ಮಳೆ ಎಲ್ಲಿಯದು ಅಂತ ಕೇಳಿ. ಹವಾಮಾನ ಇಲಾಖೆಯ 0.25 ಡಿಗ್ರಿಯ ಗ್ರಿಡ್ ಮಾಹಿತಿ ಬಳಸುವವರು ಬಹಳ. ಅದರ ಒಂದು ಚೌಕ ಸುಮಾರು 27 ಕಿಲೋಮೀಟರ್. ಮಲ್ಪೆಯ ಕಡಲ ಬದಿಯಿಂದ 27 ಕಿಲೋಮೀಟರ್ ಪೂರ್ವಕ್ಕೆ ಹೋದರೆ ಹೆಬ್ರಿಯ ಹತ್ತಿರ ಇರುತ್ತೀರಿ, ಎದುರಿಗೆ ಘಟ್ಟ ಕಾಣುತ್ತದೆ. ಎರಡೂ ಕಡೆಯ ಮಳೆ ಒಂದೇ ಅಲ್ಲ, ಅಲ್ವಾ? ದೊಡ್ಡ ನದಿಯ ಲೆಕ್ಕಕ್ಕೆ ಆ ಸರಾಸರಿ ನಡೆಯುತ್ತದೆ, ನಮ್ಮ ಸಣ್ಣ ತೋಡಿಗೆ ನಡೆಯುವುದಿಲ್ಲ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪಕಗಳು ಗ್ರಾಮ ಪಂಚಾಯತ್ ಮಟ್ಟದಲ್ಲಿವೆ, 15 ನಿಮಿಷಕ್ಕೊಮ್ಮೆ ದಾಖಲಿಸುತ್ತವೆ. ನಿಮ್ಮ ಪಂಚಾಯತಿನದನ್ನು ಕೇಳಿ ಪಡೆಯುವುದು ಉಳಿದೆಲ್ಲ ಕಸರತ್ತಿಗಿಂತ ಮೇಲು. ಹಳೆಯ ಕೃಷಿಕರ ಮನೆಗಳಲ್ಲಿ ದಿನವೂ ಮಳೆ ಅಳೆದು ಬರೆದಿಟ್ಟ ಪುಸ್ತಕಗಳು ಇರುತ್ತವೆ. ಅವನ್ನೂ ವಿಚಾರಿಸಿ. ಪಕ್ಕದ ಕೇಂದ್ರದ ಅಂಕೆಯ ಜೊತೆ ತಿಂಗಳ ಮೊತ್ತ ಹೋಲಿಸಿ ನೋಡಿದರೆ ಅದನ್ನು ಎಷ್ಟು ನಂಬಬಹುದು ಅಂತ ತಿಳಿಯುತ್ತದೆ.

ಇನ್ನು ಕೈಯಲ್ಲೇ ಒಂದು ಲೆಕ್ಕ ಮಾಡಿ. ಕರ್ವ್ ನಂಬರ್ 75 ಇದ್ದಾಗ 100 ಮಿಲಿಮೀಟರ್ ಮಳೆಯಲ್ಲಿ ಸುಮಾರು 41 ಮಿಲಿಮೀಟರ್ ಮೇಲಿಂದ ಹರಿಯಬೇಕು. 60 ಇದ್ದರೆ 19ಕ್ಕಿಂತ ತುಸು ಕಮ್ಮಿ, 85 ಇದ್ದರೆ 61. ಒಂದು ಹೆಕ್ಟೇರಿನ ಮೇಲೆ ಒಂದು ಮಿಲಿಮೀಟರ್ ಅಂದರೆ 10 ಘನ ಮೀಟರ್. ಹಾಗಾಗಿ 300 ಹೆಕ್ಟೇರಿನಿಂದ 41 ಮಿಲಿಮೀಟರ್ ಅಂದರೆ 1,23,000 ಘನ ಮೀಟರ್. ಮಾಡೆಲ್‌ನ ಆ ದಿನದ ಅಂಕೆ ಇದರ ಹತ್ತಿರದಲ್ಲಾದರೂ ಇದೆಯೇ ನೋಡಿ. ಕೆಲವು ಪಟ್ಟು ವ್ಯತ್ಯಾಸವಿದ್ದರೆ ಮಣ್ಣಿನ ತೇವ, ಹಿಂದಿನ ದಿನದ ಮಳೆ ಕಾರಣವಿರಬಹುದು. ನೂರು ಪಟ್ಟು ವ್ಯತ್ಯಾಸವಿದ್ದರೆ ಅದು ವಿಸ್ತೀರ್ಣದ ಅಥವಾ ಯೂನಿಟ್ಟಿನ ತಪ್ಪು.

ನೆರೆ ಒಂದು ದಿನ ತಡವಾಗಿ ಬರುತ್ತಿದೆ

ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ರಿಂದ ಮರುದಿನ 8.30ರವರೆಗೆ. ಜುಲೈ 15ರ ಎದುರು ಬರೆದ ಮಳೆಯಲ್ಲಿ ಹೆಚ್ಚಿನ ಪಾಲು ಬಿದ್ದದ್ದು 14ರಂದೇ. ತೋಡು ಉಕ್ಕಿದ್ದು 14ರ ಸಂಜೆ. ಮಾಡೆಲ್ ಪಾಪ, 15ಕ್ಕೆ ಕಾಯುತ್ತದೆ. ಮಳೆಯ ಸಾಲನ್ನು ಒಂದು ದಿನ ಹಿಂದಕ್ಕೆ ಸರಿಸಿ ಓಡಿಸಿ ನೋಡಿ. ಗ್ರಾಫ್ ಥಟ್ಟನೆ ಕೂಡಿಕೊಂಡರೆ ದೋಷ ಸಿಕ್ಕಿತು. ಇದನ್ನು ನೋಡದೆ ಸರ್‌ಲ್ಯಾಗ್ (ಹರಿವನ್ನು ತಡಮಾಡುವ ಪ್ಯಾರಾಮೀಟರ್) ಬದಲಿಸಲು ಹೊರಟರೆ ದಿನವಿಡೀ ಹಾಳು.

ಪೀಕ್ (ಹರಿವಿನ ಅತಿ ಎತ್ತರದ ತುದಿ) ಸರಿಯಾದ ದಿನವೇ ಬಂದರೂ ಮೊಂಡಾಗಿದ್ದರೆ ಅದಕ್ಕೆ ಬೇರೆ ಕಾರಣ. 2 ಕಿಲೋಮೀಟರ್ ಉದ್ದದ, 5 ಶೇಕಡಾ ಇಳಿಜಾರಿನ ತೋಡಿನಲ್ಲಿ ತುದಿಯ ನೀರು ಬುಡಕ್ಕೆ ಬರಲು ಕಿರ್ಪಿಚ್ ಸೂತ್ರದ ಪ್ರಕಾರ ಸುಮಾರು 20 ನಿಮಿಷ ಸಾಕು. ದಿನಕ್ಕೊಂದು ಅಂಕೆ ಕೊಡುವ ಮಾಡೆಲ್‌ಗೆ ಆ 20 ನಿಮಿಷ ಕಾಣುವುದೇ ಇಲ್ಲ. ಮೋರಿ, ಕಿಂಡಿ ಅಣೆಕಟ್ಟು ಕಟ್ಟಲು ಪೀಕ್ ಬೇಕಿದ್ದರೆ 15 ನಿಮಿಷದ ಮಳೆ ಬೇಕು, ಒಂದೊಂದು ಮಳೆಯನ್ನೂ ಬೇರೆಯಾಗಿ ಲೆಕ್ಕ ಹಾಕುವ ಮಾಡೆಲ್ ಬೇಕು. ದಿನದ ಮಾಡೆಲ್‌ನ ಸಂಖ್ಯೆ ಹಿಡಿದು ಕಿಂಡಿಯ ಅಗಲ ತೀರ್ಮಾನಿಸಬೇಡಿ. ಅಂಥ ಕೆಲಸವನ್ನು ಸಣ್ಣ ನೀರಾವರಿ ಇಲಾಖೆಯ ಎಂಜಿನಿಯರ್‌ಗಳ ಕೈಗೆ ಬಿಡಿ.

ಜೂನ್‌ನಲ್ಲಿ ಲೆಕ್ಕಕ್ಕಿಂತ ಜಾಸ್ತಿ ನೀರು, ಜನವರಿಯಲ್ಲಿ ಬತ್ತಿದ ತೋಡು

ಇವೆರಡೂ ಸಾಮಾನ್ಯವಾಗಿ ಒಟ್ಟಿಗೇ ಬರುತ್ತವೆ. ಮೇಲಿಂದ ಜಾಸ್ತಿ ಹರಿಸಿಬಿಟ್ಟರೆ ನೆಲದೊಳಗೆ ಹೋಗಲು ನೀರು ಉಳಿಯುವುದಿಲ್ಲ.

ಮೊದಲು ಮಾಡೆಲ್‌ಗೆ ಎರಡು-ಮೂರು ವರ್ಷ ವಾರ್ಮ್-ಅಪ್ (ಫಲಿತಾಂಶಕ್ಕೆ ಎಣಿಸದ ಆರಂಭದ ವರ್ಷಗಳು) ಕೊಟ್ಟಿದ್ದೀರಾ ನೋಡಿ. ಕೊಡದಿದ್ದರೆ ಮೊದಲ ವರ್ಷ ಅಂತರ್ಜಲ ನಿಜಕ್ಕೆ ಹೊಂದದ ಮಟ್ಟದಿಂದ ಶುರುವಾಗುತ್ತದೆ. ಬೇಸಿಗೆಯ ಹರಿವು ಸರಿಯಾಗಿ ಸಿಗುವುದಿಲ್ಲ.

ಆಮೇಲೆ ಮಣ್ಣಿನ ಗುಂಪು. ಜೇಡಿ ಅಂಶ ಜಾಸ್ತಿ ಅಂತ ಇಡೀ ಜಲಾನಯನವನ್ನು ಡಿ ಗುಂಪಿಗೆ ಹಾಕಿರುವುದನ್ನು ಪದೇ ಪದೇ ನೋಡುತ್ತೇನೆ. ಜಂಬಿಟ್ಟಿಗೆ ಮಣ್ಣಿನಲ್ಲಿ ಹರಳು (ಸಣ್ಣ ಕಲ್ಲು) ಬಹಳ, ಸಂದುಗಳು ಬಹಳ. ತೋಟದೊಳಗೆ, ಗೇರು ಗುಡ್ಡೆಯಲ್ಲಿ ನೀರು ಬೇಗ ಇಂಗುತ್ತದೆ. ಅದೇ ಮೇಲಿನ ಪದವಿನಲ್ಲಿ ಗಟ್ಟಿ ಮುರಕಲ್ಲು ಮಣ್ಣಿಲ್ಲದೆ ತೆರೆದುಕೊಂಡಿರುವಲ್ಲಿ ನೀರು ಜಾರಿ ಓಡುತ್ತದೆ. ಒಂದೇ ಬಣ್ಣದ ನೆಲ, ಎರಡು ಸ್ವಭಾವ. ಡಿ ಗುಂಪು ಅಂದರೆ ನೆನೆದ ಮೇಲೆ ಗಂಟೆಗೆ 1.3 ಮಿಲಿಮೀಟರಿಗಿಂತ ಕಮ್ಮಿ ಇಂಗುವ ಮಣ್ಣು, ಎ ಅಂದರೆ 7.6ಕ್ಕಿಂತ ಜಾಸ್ತಿ. ಎರಡು ಉಂಗುರದ ಇನ್‌ಫಿಲ್ಟ್ರೋಮೀಟರ್ (ನೀರು ಇಂಗುವ ವೇಗ ಅಳೆಯುವ ಸಾಧನ) ಹಿಡಿದು ಪದವು, ಬೆಟ್ಟು (ಎತ್ತರದ ಗದ್ದೆ), ಮಜಲು (ನಡುವಿನ ಗದ್ದೆ), ಬೈಲು ಈ ನಾಲ್ಕು ಕಡೆ ಅಳೆಯಿರಿ. ಇದಕ್ಕೆ ಖರ್ಚು ಕಮ್ಮಿ, ಮಾಡೆಲ್‌ಗೆ ಸಿಗುವ ಬಲ ಬಹಳ ದೊಡ್ಡದು. ಪುಸ್ತಕದ ಪಟ್ಟಿಗಿಂತ ನಮ್ಮ ಹಿರಿಯರ ಬೆಟ್ಟು-ಮಜಲು-ಬೈಲು ವಿಂಗಡಣೆಯೇ ಇಲ್ಲಿ ಹೆಚ್ಚು ಉಪಯೋಗಕ್ಕೆ ಬರುತ್ತದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ನೀರು ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದನ್ನೇ ನೋಡಿ ಮಾಡಿದ ವಿಂಗಡಣೆ ಅದು.

ಬೈಲಿನ ಗದ್ದೆಗಳ ವಿಚಾರ ಬೇರೆಯೇ. 15 ಸೆಂಟಿಮೀಟರ್ ಎತ್ತರದ ಪುಣಿ (ಬದು) ಕಟ್ಟಿದ ಗದ್ದೆ 150 ಮಿಲಿಮೀಟರ್ ತನಕ ನೀರು ಹಿಡಿಯಬಲ್ಲದು. ಏಣೆಲು (ಮಳೆಗಾಲದ ಭತ್ತ) ಬೇಸಾಯಕ್ಕೆ ಉಳುವ ಹೊತ್ತಿಗೆ, ಜೂನ್ ಮೊದಲಲ್ಲಿ, ಅದು ನಿಜವಾಗಿಯೂ ಹಿಡಿಯುತ್ತದೆ. ಜುಲೈ ನಡುವಿನಲ್ಲಿ ಗದ್ದೆ ತುಂಬಿರುತ್ತದೆ, ಬಿದ್ದದ್ದೆಲ್ಲ ಕಂಡಿಯಿಂದ ಕಂಡಿಗೆ ಇಳಿದು ತೋಡು ಸೇರುತ್ತದೆ. ಒಂದೇ ಕರ್ವ್ ನಂಬರ್ ಈ ಎರಡೂ ಸ್ಥಿತಿಯನ್ನು ಹೇಳಲಾರದು. ಸ್ವಾಟ್‌ನಲ್ಲಿ ಗದ್ದೆಗಳನ್ನು ಪಾಟ್‌ಹೋಲ್ (ನೀರು ನಿಲ್ಲುವ ಗುಂಡಿ) ಆಗಿ ತೋರಿಸಬಹುದು, ನೀರು ಕಟ್ಟುವ ಮತ್ತು ಬಿಡುವ ದಿನಗಳನ್ನು ಬರೆಯಬಹುದು. ಪಡೀಲು (ಬೇಸಾಯ ಮಾಡದೆ ಪಾಳು) ಬಿಟ್ಟು ಪುಣಿ ಒಡೆದ ಗದ್ದೆಗಳಿಗೆ ಇದು ಬೇಡ. ಯಾವುದು ಪಡೀಲು ಅನ್ನುವುದು ಉಪಗ್ರಹ ಚಿತ್ರದಲ್ಲಿ ಸುಲಭವಾಗಿ ಗೊತ್ತಾಗುವುದಿಲ್ಲ. ಊರಿನವರನ್ನೇ ಕೇಳಿ.

ಭೂಬಳಕೆಯ ಮಿತಿಯನ್ನೂ ನೋಡಿ. 10 ಅಥವಾ 20 ಶೇಕಡಾಕ್ಕಿಂತ ಕಮ್ಮಿ ಇರುವುದನ್ನು ಬಿಟ್ಟುಬಿಡು ಅಂತ ಮಾಡೆಲ್‌ಗೆ ಹೇಳಿದ್ದರೆ ಕಿರಿದಾದ ಅಡಿಕೆ ತೋಟ, ಮದಕ (ಸಣ್ಣ ಕೆರೆ) ಎಲ್ಲ ಮಾಯ. ಸಣ್ಣ ಜಲಾನಯನದಲ್ಲಿ ಈ ಮಿತಿಯನ್ನು ಸೊನ್ನೆಗೆ ಇಳಿಸಿ.

ಇಷ್ಟಾದ ಮೇಲೆ ಮಾತ್ರ ಅಂತರ್ಜಲದ ಪ್ಯಾರಾಮೀಟರ್‌ಗಳಿಗೆ ಬನ್ನಿ. ಆಗಲೂ ಒಂದು ಎಚ್ಚರ. ನವೆಂಬರ್ ನಂತರ ತೋಡಿಗೆ ಕಟ್ಟ (ಬೇಸಿಗೆಯ ತಾತ್ಕಾಲಿಕ ಒಡ್ಡು) ಹಾಕುತ್ತಾರೆ, ಪಂಪು ಇಟ್ಟು ತೋಟಕ್ಕೆ ನೀರು ಬಿಡುತ್ತಾರೆ. ಫೆಬ್ರವರಿಯಲ್ಲಿ ನೀವು ಅಳೆದದ್ದು ಕಟ್ಟದ ಮೇಲಿನ ನೀರೋ, ಸೋರಿದ್ದೋ? ಇದು ಗೊತ್ತಿಲ್ಲದೆ ಆಲ್ಫಾ ಬಿಎಫ್ (ಅಂತರ್ಜಲ ಎಷ್ಟು ಬೇಗ ತೋಡಿಗೆ ಬರುತ್ತದೆ ಅನ್ನುವ ಅಂಕೆ) ತಿದ್ದಿದರೆ ಜನರ ಪಂಪನ್ನು ನೆಲದ ಗುಣ ಅಂತ ತಿಳಿದಂತಾಗುತ್ತದೆ. ಕಡಲ ಹತ್ತಿರದ ಅಳಿವೆ ಪ್ರದೇಶದಲ್ಲಿ ಉಬ್ಬರದ ನೀರು ಹಿಂದಕ್ಕೆ ಬರುವ ಜಾಗದ ಅಳತೆಯನ್ನಂತೂ ಬಳಸಲೇಬೇಡಿ.

ಮಣ್ಣಿನ ನಷ್ಟ ನಂಬಲಾಗದಷ್ಟು ಜಾಸ್ತಿ

ಯಾವ ಸೂತ್ರವನ್ನೂ ತೆರೆಯುವ ಮೊದಲು ಆ ಸಂಖ್ಯೆಯನ್ನು ನೆಲದ ಮೇಲೆ ಇಟ್ಟು ನೋಡಿ. ಒಂದು ಹೆಕ್ಟೇರಿನಿಂದ ಒಂದು ಮಿಲಿಮೀಟರ್ ಮಣ್ಣು ಹೋಯಿತು ಅಂದರೆ ಸುಮಾರು 13 ಟನ್. ಹಾಗಾದರೆ 500 ಟನ್ ಅಂದರೆ ವರ್ಷಕ್ಕೆ 38 ಮಿಲಿಮೀಟರ್, ಹತ್ತು ವರ್ಷಕ್ಕೆ 38 ಸೆಂಟಿಮೀಟರ್. ಗೇರು ಮರಗಳ ಬೇರು ಅಷ್ಟು ಎದ್ದು ನಿಂತಿದೆಯೇ? ಇಲ್ಲವಾದರೆ ಲೆಕ್ಕ ತಪ್ಪು. ಇನ್ನೊಂದು ದಾರಿ: ಒಂದು ಹೆಕ್ಟೇರಿನಿಂದ 2,000 ಮಿಲಿಮೀಟರ್ ಹರಿದರೆ 20,000 ಘನ ಮೀಟರ್ ನೀರು. ಅದರಲ್ಲಿ 500 ಟನ್ ಮಣ್ಣು ಹೋಗಬೇಕಾದರೆ ಇಡೀ ಮಳೆಗಾಲ ಪ್ರತಿ ಲೀಟರಿನಲ್ಲೂ ಸರಾಸರಿ 25 ಗ್ರಾಂ ಮಣ್ಣಿರಬೇಕು. ಬಾಟಲಿಯಲ್ಲಿ ನೀರು ಹಿಡಿದು ಇಟ್ಟರೆ ತಳದಲ್ಲಿ ಎಷ್ಟು ಕೂರುತ್ತದೆ ಅಂತ ನೀವೇ ನೋಡಬಹುದು.

ಮೊದಲ ಅನುಮಾನ ಯೂನಿಟ್ಟಿನ ಮೇಲೆ. ಕೆ ಅಂಶವನ್ನು (ಮಣ್ಣು ಎಷ್ಟು ಸುಲಭವಾಗಿ ಸವೆಯುತ್ತದೆ ಅನ್ನುವ ಅಂಕೆ) ಅಮೆರಿಕದ ಯೂನಿಟ್ಟಿನಿಂದ ಎಸ್‌ಐ ಯೂನಿಟ್ಟಿಗೆ ತರಲು 0.1317ರಿಂದ ಗುಣಿಸಬೇಕು. ಗುಣಿಸದೆ 0.30 ಅಂತ ಹಾಕಿ, ಆರ್ ಅಂಶವನ್ನು (ಮಳೆಗೆ ಮಣ್ಣು ಕೊಚ್ಚುವ ಶಕ್ತಿ ಎಷ್ಟು ಅನ್ನುವ ಅಂಕೆ) ಎಸ್‌ಐಯಲ್ಲಿ ಕೊಟ್ಟರೆ ಉತ್ತರ 7.6 ಪಟ್ಟು ಏರುತ್ತದೆ. ನಿಮ್ಮ ಫಲಿತಾಂಶವನ್ನು 7.6ರಿಂದ ಭಾಗಿಸಿದಾಗ ನಂಬುವಂತಹ ಸಂಖ್ಯೆ ಬಂದರೆ ಇಲ್ಲೇ ಹುಡುಕಿ. ಸ್ವಾಟ್‌ನಲ್ಲಿ ಇದು ತಿರುವುಮುರುವು. ಅದು ಕೇಳುವುದು ಅಮೆರಿಕದ ಅಳತೆಯ 0.1ರಿಂದ 0.5ರ ನಡುವಿನ ಅಂಕೆಯನ್ನೇ. ಅಲ್ಲಿ ಎಸ್‌ಐಯ 0.04 ಹಾಕಿದರೆ ಮಣ್ಣೇ ಹೋಗುವುದಿಲ್ಲ ಅನ್ನುತ್ತದೆ. ವರ್ಷದ ಮಳೆಯಿಂದ ಆರ್ ಕಂಡುಹಿಡಿಯುವ ಸೂತ್ರಗಳಲ್ಲೂ ಕೆಲವು ಹಳೆಯ ಮೆಟ್ರಿಕ್ ಯೂನಿಟ್ಟಿನಲ್ಲಿವೆ. ಅವನ್ನು ಎಸ್‌ಐಗೆ ತರಲು 9.81ರಿಂದ ಗುಣಿಸಬೇಕು. ಸೂತ್ರ ಬಳಸುವ ಮೊದಲು ಅದರ ಯೂನಿಟ್ ಯಾವುದು ಅಂತ ಮೂಲದಲ್ಲಿ ಓದಿ. ಬೇರೆ ಜಾಗದ ಮಳೆಗೆ ಮಾಡಿದ ಸೂತ್ರವನ್ನು 4,000 ಮಿಲಿಮೀಟರಿಗೆ ಹಿಗ್ಗಿಸುವಾಗ ಇನ್ನಷ್ಟು ಜಾಗ್ರತೆ ಬೇಕು.

ಎರಡನೆಯ ಅನುಮಾನ ಎಲ್‌ಎಸ್, ಅಂದರೆ ಇಳಿಜಾರಿನ ಉದ್ದ ಮತ್ತು ಕಡಿದು. ಸಾಮಾನ್ಯವಾಗಿ ಹರಿವು ಸೇರುವ ಚೌಕಗಳನ್ನು ಎಣಿಸಿ ಇದನ್ನು ಲೆಕ್ಕ ಹಾಕುತ್ತಾರೆ. ತೋಡಿನ ಮೇಲೆ ಸಾವಿರ ಚೌಕ ಸೇರಿದ್ದರೆ ಉದ್ದದ ಅಂಶ ಒಂದೇ 18ರ ಹತ್ತಿರ ಬರುತ್ತದೆ. ನಿಜವಾದ 120 ಮೀಟರ್ ಇಳಿಜಾರಿಗೆ ಅದು 2 ಮಾತ್ರ. ಯುಎಸ್‌ಎಲ್‌ಇ ತೋಡಿಗೆ ಮಾಡಿದ್ದಲ್ಲ, ಹೊಲದ ಇಳಿಜಾರಿಗೆ ಮಾಡಿದ್ದು. ತೋಡು ಶುರುವಾದಲ್ಲಿ, ಪುಣಿ ಇರುವಲ್ಲಿ, ಅಗಳು (ಕಂದಕ) ತೋಡಿರುವಲ್ಲಿ ಇಳಿಜಾರು ಮುಗಿಯಿತು. ಹಾಗಾಗಿ ಹರಿವಿನ ಎಣಿಕೆಗೆ ಮೇಲ್ಮಿತಿ ಹಾಕಿ, ತೋಡಿನ ಚೌಕಗಳನ್ನು ಲೆಕ್ಕದಿಂದ ತೆಗೆಯಿರಿ. ನಕ್ಷೆಯಲ್ಲಿ ತೋಡೇ ಅತಿ ಕೆಂಪಾಗಿ ಕಂಡರೆ ಈ ದೋಷ ಇದೆ ಅಂತಲೇ ಅರ್ಥ. ನಕ್ಷೆಯಲ್ಲಿ ಅಲ್ಲಲ್ಲಿ ತೂತು ಬಿದ್ದಿದ್ದರೆ ಕಾರಣ ಬೇರೆ: ನಕ್ಷೆ ತಂತ್ರಾಂಶವಾದ ಕ್ಯೂಜಿಐಎಸ್‌ನ ರಾಸ್ಟರ್ ಕ್ಯಾಲ್ಕುಲೇಟರ್ ಕೋನವನ್ನು ರೇಡಿಯನ್‌ನಲ್ಲಿ ಕೇಳುತ್ತದೆ, ನೀವು ಡಿಗ್ರಿ ಕೊಟ್ಟಿದ್ದೀರಿ. 0.01745ರಿಂದ ಗುಣಿಸಿ.

ಮೂರನೆಯದು ಹರಳು. ಮಣ್ಣಿನಲ್ಲಿ ಕಲ್ಲಿನ ಪಾಲು ಎಷ್ಟು ಅನ್ನುವ ಖಾನೆಯನ್ನು ಹೆಚ್ಚಿನವರು ಸೊನ್ನೆಯಲ್ಲೇ ಬಿಡುತ್ತಾರೆ. ಮೇಲ್ಪದರದಲ್ಲಿ 30 ಶೇಕಡಾ ಹರಳಿದ್ದರೆ ಸ್ವಾಟ್‌ನ ಲೆಕ್ಕದಲ್ಲಿ ಸವಕಳಿ ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಗುಡ್ಡೆಗಳ ಮಣ್ಣಿನಲ್ಲಿ ಹರಳು ಇಲ್ಲದ ಜಾಗ ಎಲ್ಲಿದೆ? ಒಂದು ಜರಡಿ, ಒಂದು ತಕ್ಕಡಿ ಸಾಕು. ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಂಥ ಕಡೆ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಬಹುದು.

ಕೊನೆಗೆ ನೆಲದ ಹೊದಿಕೆಯ ಅಂಶ. ಬೋಳು ನೆಲಕ್ಕೆ ಅದು 1, ದಟ್ಟ ಕಾಡಿಗೆ 0.01ಕ್ಕೂ ಕಮ್ಮಿ. ಅಡಿಕೆ ತೋಟವನ್ನು ಹೊಲ ಅಂತ ಗುರುತಿಸಿದರೂ ಕಾಡು ಅಂತ ಗುರುತಿಸಿದರೂ ಉತ್ತರ ಹತ್ತಾರು ಪಟ್ಟು ಆಚೀಚೆ ಆಗುತ್ತದೆ. ತೋಟದ ಬುಡದಲ್ಲಿ ಸೊಪ್ಪು ಹಾಸಿದೆಯೋ, ಕಳೆನಾಶಕ ಹೊಡೆದು ಬೋಳು ಮಾಡಿದೆಯೋ ಅನ್ನುವುದನ್ನು ಮೇಲಿನಿಂದ ಯಾವ ಉಪಗ್ರಹವೂ ಹೇಳದು.

ತೋಡು ಕೆಂಪಗಿದೆ, ಮಾಡೆಲ್ ಮಾತ್ರ ಮಣ್ಣೇ ಇಲ್ಲ ಅನ್ನುತ್ತದೆ

ಭೂಬಳಕೆ ನಕ್ಷೆ ಯಾವ ತಿಂಗಳಿನದು ನೋಡಿ. ಮೋಡವಿಲ್ಲದ ಚಿತ್ರ ಸಿಗುವುದು ಡಿಸೆಂಬರ್‌ನಿಂದ ಮಾರ್ಚ್ ತನಕ. ಮಣ್ಣು ಹೋಗುವುದು ಜೂನ್‌ನಲ್ಲಿ, ನೆಲ ಬಿರಿದು ಹೊಸದಾಗಿ ಅಗೆದಿರುವಾಗ. ರಬ್ಬರ್ ಕಡಿದು ಮರುನಾಟಿ ಮಾಡಿದ ಗುಡ್ಡೆ, ಸಾಲಿನ ನಡುವೆ ಹಾಕಿದ ಅನಾನಸು, ಹೊಸದಾಗಿ ತಟ್ಟು (ಮೆಟ್ಟಿಲು ಮೆಟ್ಟಿಲಾದ ನೆಲ) ಮಾಡಿದ ತೋಟ ಇವೆಲ್ಲ ಹಳೆಯ ಚಿತ್ರದಲ್ಲಿ ಹಸಿರಾಗಿಯೇ ಇರುತ್ತವೆ.

ಅದೂ ಅಲ್ಲವಾದರೆ ಮಣ್ಣು ಹೊಲದ್ದೇ ಅಲ್ಲದಿರಬಹುದು. ಮನೆ ಕಟ್ಟಲು ಸಮತಟ್ಟು ಮಾಡಿದ ಗುಡ್ಡೆ, ರಸ್ತೆ ಅಗಲ ಮಾಡುವಾಗ ಕಡಿದ ಧರೆ (ಗುಡ್ಡೆಯ ಕಡಿದಾದ ಬದಿ), ಕೆಂಪುಕಲ್ಲಿನ ಕೋರೆಯ ಪುಡಿ, ಕುಸಿದ ತೋಡಿನ ದಡ. ಯುಎಸ್‌ಎಲ್‌ಇ ಬಳಗ ಇವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಳೆ ಬರುವಾಗ ಸುರಕ್ಷಿತ ಜಾಗದಿಂದ ಯಾವ ಕವಲು ಕೆಂಪು, ಯಾವುದು ತಿಳಿ ಅಂತ ನೋಡಿಕೊಳ್ಳಿ. ಎರಡು ಕವಲು ಸೇರುವಲ್ಲಿ ಬಣ್ಣದ ವ್ಯತ್ಯಾಸ ಸ್ಪಷ್ಟವಾಗಿ ಕಾಣುತ್ತದೆ. ಕೆಂಪು ಕವಲನ್ನು ಹಿಡಿದು ಬೇಸಿಗೆಯಲ್ಲಿ ಮೇಲಕ್ಕೆ ನಡೆದರೆ ಮೂಲ ಸಿಗುತ್ತದೆ. ಧರೆಯಿಂದ ಬಂದ ಮಣ್ಣಿಗೆ ಕೃಷಿಕರ ಗದ್ದೆಯನ್ನು ದೂರುವ ವರದಿ ಬರೆಯುವುದು ದೊಡ್ಡ ಅನ್ಯಾಯ. ಅದಕ್ಕಾಗಿಯಾದರೂ ಈ ಪರೀಕ್ಷೆಯನ್ನು ಬಿಡಬೇಡಿ.

ಅಂಕ ಚೆನ್ನಾಗಿದೆ, ಮನಸ್ಸು ಒಪ್ಪುತ್ತಿಲ್ಲ

ತಿಂಗಳ ಹರಿವಿಗೆ ಎನ್‌ಎಸ್‌ಇ (ಮಾಡೆಲ್ ಅಳತೆಗೆ ಎಷ್ಟು ಹೊಂದುತ್ತದೆ ಅನ್ನುವ ಅಂಕ, ಪೂರ್ತಿ ಹೊಂದಿದರೆ 1) 0.5ಕ್ಕಿಂತ ಮೇಲಿದ್ದು, ಒಟ್ಟು ಪ್ರಮಾಣದ ವ್ಯತ್ಯಾಸ 25 ಶೇಕಡಾದೊಳಗಿದ್ದರೆ ತೃಪ್ತಿಕರ ಅಂತ 2007ರಿಂದ ಎಲ್ಲರೂ ಬಳಸುವ ಮಾನದಂಡ. ಮಣ್ಣಿಗೆ 55 ಶೇಕಡಾ. ಕರಾವಳಿಯಲ್ಲಿ ಈ ಅಂಕ ಸುಲಭವಾಗಿ ಸಿಕ್ಕಿಬಿಡುತ್ತದೆ. ಜುಲೈಯಲ್ಲಿ ತುಂಬಾ ನೀರು, ಮಾರ್ಚ್‌ನಲ್ಲಿ ಇಲ್ಲ ಅಂತ ಹೇಳಿದರೂ ಒಳ್ಳೆಯ ಅಂಕ ಬರುತ್ತದೆ. ಹಾಗಾಗಿ ಪ್ರತಿ ತಿಂಗಳ ಹಲವು ವರ್ಷಗಳ ಸರಾಸರಿಯನ್ನೇ ಒಂದು ಮಾಡೆಲ್ ಅಂತ ಇಟ್ಟು ಅದರ ಎನ್‌ಎಸ್‌ಇ ತೆಗೆಯಿರಿ. ನಿಮ್ಮದು ಅದನ್ನು ಮೀರದಿದ್ದರೆ ಮಾಡೆಲ್ ಏನೂ ಕಲಿತಿಲ್ಲ. ಮಳೆಗಾಲವನ್ನು ಮಾತ್ರ ತೆಗೆದುಕೊಂಡು ದಿನದ ಹರಿವನ್ನೂ ಪರೀಕ್ಷಿಸಿ.

ಸರಿಹೊಂದಿಸಿದ ಮೇಲೆ ಪ್ಯಾರಾಮೀಟರ್‌ಗಳನ್ನು ಒಂದೊಂದಾಗಿ ಓದಿ. ಯಾವುದಾದರೂ ತನ್ನ ಮಿತಿಯ ತುದಿಗೆ ಹೋಗಿ ಅಂಟಿಕೊಂಡಿದ್ದರೆ ಅದು ಬೇರೊಂದು ತಪ್ಪನ್ನು ಹೊತ್ತು ನಿಂತಿದೆ. ವರ್ಷದ ನೀರಿನ ಲೆಕ್ಕವನ್ನೂ ತೆರೆಯಿರಿ. ಬಾಷ್ಪವಾಗಿ ಹೋದದ್ದು 2,500 ಮಿಲಿಮೀಟರ್ ಅಂತ ಇದ್ದರೆ ಅಷ್ಟು ನೀರು ಆರಿಸಲು ಬೇಕಾದ ಬಿಸಿಲು ನಮ್ಮಲ್ಲಿ ಇಲ್ಲ. ಮತ್ತೆ ಮಳೆ ಮತ್ತು ಹವಾಮಾನದ ಫೈಲುಗಳಿಗೆ ಹೋಗಿ.

ಅಳೆಯಲು ಹೋಗುವಾಗ ಜಾಗ್ರತೆ, ಮತ್ತು ಎಲ್ಲಿ ನಿಲ್ಲಬೇಕು

ಅಳತೆ ಸುಲಭದ್ದೇ. ನೇರವಾಗಿ ಹರಿಯುವ 10 ಮೀಟರ್ ಗುರುತಿಸಿ, ಮೇಲಿನಿಂದ ಒಂದು ತೇಲುವ ವಸ್ತು ಬಿಟ್ಟು ಹೊತ್ತು ನೋಡಿ, ಸಿಕ್ಕ ವೇಗವನ್ನು ಸುಮಾರು 0.85ರಿಂದ ಗುಣಿಸಿ, ತೋಡಿನ ಅಡ್ಡಕೊಯ್ತದ ವಿಸ್ತೀರ್ಣದಿಂದ ಮತ್ತೆ ಗುಣಿಸಿ. ಅಡ್ಡಕೊಯ್ತವನ್ನು ಬೇಸಿಗೆಯಲ್ಲೇ ಅಳೆದಿಟ್ಟುಕೊಳ್ಳಿ. ಮಳೆಗಾಲದಲ್ಲಿ ನೀರಿಗೆ ಇಳಿಯಲೇಬಾರದು. ಮೊಣಕಾಲು ಮುಟ್ಟುವ ಕೆಂಪು ನೀರು ದೊಡ್ಡವರನ್ನೂ ಎಳೆದೊಯ್ಯುತ್ತದೆ, ಕೆಳಗಿನ ನೆಲ ಕಾಣುವುದಿಲ್ಲ. ದಡದ ತುದಿಯಲ್ಲೂ ನಿಲ್ಲಬೇಡಿ, ಒಳಗಿನಿಂದ ಕೊರೆದಿರುತ್ತದೆ. ಕಿಂಡಿ ಅಣೆಕಟ್ಟಿನ ಮೇಲೆ ನಿಂತು ಬಾಟಲಿ ಇಳಿಸುವುದು ಬೇಡ, ಹಗ್ಗಕ್ಕೆ ಕಟ್ಟಿ ಗಟ್ಟಿ ಸೇತುವೆಯಿಂದ ಇಳಿಸಿ. ಒಬ್ಬರೇ ಹೋಗಬೇಡಿ, ಕತ್ತಲಲ್ಲಿ ಹೋಗಬೇಡಿ. ಏಪ್ರಿಲ್-ಮೇ ಮತ್ತು ಅಕ್ಟೋಬರ್‌ನ ಗುಡುಗು ಮಳೆಯಲ್ಲಿ ಬಯಲು ಪದವಿನ ಮೇಲೆ ಇಂಗು ಅಳೆಯುವ ಉಂಗುರ ಇಟ್ಟುಕೊಂಡು ಕೂರಬೇಡಿ.

ಗುಡ್ಡೆಯಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಎದ್ದ ಒರತೆ, ಕೆಸರಾದ ಬಾವಿ ನೀರು ಕಂಡರೆ ಅಳತೆ ಅಲ್ಲಿಗೇ ಬಿಡಿ. ಕೆಳಗಿನ ಮನೆಯವರಿಗೆ ಹೇಳಿ, ಜಿಲ್ಲಾ ವಿಕೋಪ ನಿಯಂತ್ರಣ ಕೊಠಡಿಯ 1077ಕ್ಕೆ ಅಥವಾ 112ಕ್ಕೆ ಕರೆ ಮಾಡಿ. ಇಲ್ಲಿ ಹೇಳಿದ ಯಾವ ಮಾಡೆಲ್ ಕೂಡ ಗುಡ್ಡ ಕುಸಿತವನ್ನು ಲೆಕ್ಕ ಹಾಕುವುದಿಲ್ಲ. ಸವಕಳಿ ನಕ್ಷೆಯಲ್ಲಿ ಹಸಿರು ಬಣ್ಣ ಇದೆ ಅಂತ ಯಾರಿಗೂ ಅಲ್ಲಿ ಮನೆ ಕಟ್ಟಬಹುದು ಅನ್ನಬೇಡಿ.

ಮಳೆ, ವಿಸ್ತೀರ್ಣ, ಯೂನಿಟ್, ಮಣ್ಣು, ಹೊದಿಕೆ ಎಲ್ಲ ನೋಡಿಯೂ ನೀರಿನ ಲೆಕ್ಕ ಕೂಡಿಬರದಿದ್ದರೆ ಅಲ್ಲಿಗೆ ನಿಲ್ಲಿಸಿ, ಇನ್ನೊಬ್ಬರಿಗೆ ತೋರಿಸಿ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಜಲ ಸಂಪನ್ಮೂಲದ ವಿಭಾಗವೇ ಇದೆ. ಕೇಳುವಾಗ ಗ್ರಾಫಿನ ಫೋಟೋ ಮಾತ್ರ ಕಳಿಸಬೇಡಿ. ಮುಟ್ಟದ ಮೂಲ ಮಳೆ ಫೈಲು, ಮಳೆಮಾಪಕದ ಜಾಗ ಮತ್ತು ದಾಖಲಿಸುವ ಹೊತ್ತು, ಔಟ್‌ಲೆಟ್‌ನ ಅಕ್ಷಾಂಶ-ರೇಖಾಂಶ, ಬೇಸಿಗೆ ಮತ್ತು ಮಳೆಗಾಲದ ತೋಡಿನ ಚಿತ್ರ, ಕಟ್ಟ ಹಾಕಿದ ಮತ್ತು ಬಿಚ್ಚಿದ ದಿನಾಂಕ, ಜೊತೆಗೆ ನೀವು ಮಾಡಿದ ಬದಲಾವಣೆಗಳನ್ನು ಬರೆದ ಆ ಪುಸ್ತಕದ ಪುಟಗಳು, ಇಷ್ಟನ್ನೂ ಒಟ್ಟಿಗೆ ಕೊಡಿ.